ಆಹಾರ ರಕ್ಷಣೆಯೂ ಸರ್ಕಾರದ ಸಮಿತಿಗಳೂ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಈ ಗಾದೆ ಹುಟ್ಟಿದ ಕಾಲದಲ್ಲಿ ಊಟವನ್ನು ಬಲ್ಲವನಾಗುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ರಾಗಿ ತಮ್ಮ ಹೊಲದ್ದು, ಹಾಲು ತಮ್ಮ ಹಟ್ಟಿಯದು, ಎಣ್ಣೆ ಊರ ಗಾಣದ್ದು. ಬೆಳೆದವನೂ ಉಣ್ಣುವವನೂ ಒಬ್ಬರನ್ನೊಬ್ಬರು ಬಲ್ಲವರೇ ಆಗಿದ್ದರು. ಇಂದಿನ ನಮ್ಮ ಸ್ಥಿತಿಯಾದರೋ ಬೇರೆ. ಒಂದು ಪೊಟ್ಟಣ ಬಿಸ್ಕತ್ತಿನಲ್ಲಿ ಒಂದು ರಾಜ್ಯದ ಗೋಧಿ, ಇನ್ನೊಂದು ರಾಜ್ಯದ ಸಕ್ಕರೆ, ಕಡಲಾಚೆಯಿಂದ ಬಂದ ಎಣ್ಣೆ, ಕಾರ್ಖಾನೆಯಲ್ಲಿ ತಯಾರಾದ ಬಣ್ಣ ಮತ್ತು ಪರಿಮಳ ಇವೆಲ್ಲವೂ ಸೇರಿರಬಹುದು. ನಾಲಗೆಯಾಗಲಿ ಮೂಗಾಗಲಿ ಇವುಗಳ ಗುಣದೋಷಗಳನ್ನು ತಿಳಿಸಲಾರವು. ಊಟವನ್ನು ಬಲ್ಲ ಕೆಲಸವನ್ನು ನಮ್ಮ ಪರವಾಗಿ ಬೇರೆ ಯಾರಾದರೂ ಮಾಡಬೇಕಾಗಿದೆ.

ಆ ಕೆಲಸವನ್ನು ಮಾಡುವವರು ಯಾರು? ‘ಸರ್ಕಾರ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಸರ್ಕಾರವೆಂಬುದು ಒಬ್ಬ ವ್ಯಕ್ತಿಯಲ್ಲ. ವಿಷವನ್ನು ಅಳೆಯಬಲ್ಲವನಿಗೆ ಕಾನೂನು ಮಾಡುವ ಅಧಿಕಾರವಿಲ್ಲ. ಕಾನೂನು ಮಾಡುವವನಿಗೆ ವಿಷದ ಅಳತೆ ತಿಳಿಯದು. ಅಂಗಡಿಯ ಬಾಗಿಲಿಗೆ ಹೋಗಿ ಪರೀಕ್ಷಿಸುವವನು ಮೂರನೆಯವನು. ತಿಳಿಯುವುದು, ನಿರ್ಧರಿಸುವುದು, ನಡೆಸುವುದು ಎಂಬ ಈ ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ಇಟ್ಟು, ಅದೇ ಸಮಯದಲ್ಲಿ ಒಂದಕ್ಕೊಂದು ಹೆಣೆಯಲು ಸರ್ಕಾರಗಳು ಬಳಸುವ ಸಾಧನವೇ ಸಮಿತಿ. ನಮ್ಮ ದೇಶದಲ್ಲಿ ಈ ಹೆಣಿಗೆ ಹೇಗೆ ರೂಪುಗೊಂಡಿತು, ಅದು ಸಡಿಲವಾದಾಗ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹಲವು ಕಾಯಿದೆಗಳ ಕಾಲ

ಸ್ವಾತಂತ್ರ್ಯ ಬರುವ ಮುನ್ನ ಆಹಾರದ ಕಲಬೆರಕೆಯನ್ನು ತಡೆಯಲು ಪ್ರಾಂತ್ಯಗಳು ತಮ್ಮ ತಮ್ಮ ಕಾಯಿದೆಗಳನ್ನು ಮಾಡಿಕೊಂಡಿದ್ದವು. ಮದರಾಸಿನಲ್ಲಿ 1918ರಲ್ಲಿಯೂ ಮುಂಬಯಿಯಲ್ಲಿ 1925ರಲ್ಲಿಯೂ ಇಂಥ ಕಾಯಿದೆಗಳು ಬಂದವು. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತಷ್ಟೆ. ಆದುದರಿಂದ ಮಂಗಳೂರಿನ ವ್ಯಾಪಾರಿಗೆ ಮದರಾಸಿನ ಕಾಯಿದೆ, ಧಾರವಾಡದ ವ್ಯಾಪಾರಿಗೆ ಮುಂಬಯಿಯ ಕಾಯಿದೆ. ಒಂದೇ ತುಪ್ಪಕ್ಕೆ ಎರಡು ಊರುಗಳಲ್ಲಿ ಎರಡು ನ್ಯಾಯಗಳಿರಬಹುದಾಗಿತ್ತು.

ಸಂವಿಧಾನವು ಆಹಾರದ ಕಲಬೆರಕೆಯ ವಿಷಯವನ್ನು ಸಮವರ್ತಿ ಪಟ್ಟಿಯಲ್ಲಿ ಇರಿಸಿತು. ಎಂದರೆ, ಕೇಂದ್ರವೂ ರಾಜ್ಯಗಳೂ ಈ ಬಗ್ಗೆ ಶಾಸನ ಮಾಡಬಹುದು. ಇದರ ಬಲದಿಂದ ಸಂಸತ್ತು 1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆಯನ್ನು ಅಂಗೀಕರಿಸಿತು. ಅದು 1955ರ ಜೂನ್ 1ರಂದು ಜಾರಿಗೆ ಬಂದಿತು. ದೇಶಕ್ಕೆಲ್ಲ ಒಂದೇ ಕಾಯಿದೆಯಾದ ಮೇಲೆ, ಒಂದೇ ಬಗೆಯ ಮಾನಕಗಳೂ ಬೇಕಷ್ಟೆ. ಅದಕ್ಕಾಗಿ ಕೇಂದ್ರ ಆಹಾರ ಮಾನಕ ಸಮಿತಿಯೆಂಬುದೊಂದನ್ನು ರಚಿಸಲಾಯಿತು. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಅದರ ಅಧ್ಯಕ್ಷರು. ಪ್ರತಿಯೊಂದು ರಾಜ್ಯದಿಂದಲೂ ಒಬ್ಬೊಬ್ಬ ಪ್ರತಿನಿಧಿ. ಹಾಲಿನಲ್ಲಿ ಜಿಡ್ಡಿನ ಅಂಶ ಎಷ್ಟಿರಬೇಕು, ಯಾವ ಬಣ್ಣಗಳನ್ನು ಸೇರಿಸಬಹುದು ಎಂಬಂಥ ವಿಷಯಗಳಲ್ಲಿ ಈ ಸಮಿತಿಯು ಸರ್ಕಾರಕ್ಕೆ ಸಲಹೆ ನೀಡುತ್ತಿತ್ತು.

ಕಾಲ ಕಳೆದಂತೆ ಇದರ ಪಕ್ಕದಲ್ಲಿಯೇ ಇತರ ಆದೇಶಗಳೂ ಬೆಳೆದವು. ಹಣ್ಣಿನ ಪದಾರ್ಥಗಳಿಗೆ 1955ರ ಆದೇಶ, ಮಾಂಸದ ಪದಾರ್ಥಗಳಿಗೆ 1973ರ ಆದೇಶ, ಹಾಲಿನ ಪದಾರ್ಥಗಳಿಗೆ 1992ರ ಆದೇಶ, ವನಸ್ಪತಿಗೆ 1947ರಷ್ಟು ಹಿಂದಿನದೇ ಆದ ಇನ್ನೊಂದು ಆದೇಶ. ಇವುಗಳ ಹೊಣೆ ಬೇರೆ ಬೇರೆ ಇಲಾಖೆಗಳಿಗೆ ಸೇರಿತ್ತು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಒಳ್ಳೆಯ ಉದ್ದೇಶದಿಂದ ಮಾಡಿದ್ದೇ ಸರಿ. ಆದರೆ ಮನೆಗೆ ಹತ್ತು ಕಾವಲುಗಾರರಿದ್ದು, ಹಿತ್ತಿಲ ಬಾಗಿಲು ಯಾರ ಪಾಲಿನದೆಂದು ಯಾರಿಗೂ ಗೊತ್ತಿಲ್ಲದಿದ್ದರೆ ಕಳ್ಳನಿಗೆ ಅದೇ ಅನುಕೂಲವಲ್ಲವೆ?

1998ರ ಪಾಠ

ಈ ಮಾತು ಬರಿಯ ಹೋಲಿಕೆಯಲ್ಲವೆಂದು 1998ರಲ್ಲಿ ದೆಹಲಿಯ ಜನ ಕಂಡುಕೊಳ್ಳಬೇಕಾಯಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಕಾಲು ಊದಿಕೊಂಡ, ಉಸಿರಾಡಲು ಕಷ್ಟಪಡುವ ರೋಗಿಗಳು ಒಬ್ಬರ ಹಿಂದೆ ಒಬ್ಬರಂತೆ ಬರತೊಡಗಿದರು. ಒಂದೇ ಮನೆಯ ಹಲವರಿಗೆ ಒಟ್ಟಿಗೆ ಈ ರೋಗ ತಗುಲಿದ್ದುದೂ ಕಂಡುಬಂದಿತು. ವೈದ್ಯರು ಇದನ್ನು ‘ಎಪಿಡೆಮಿಕ್ ಡ್ರಾಪ್ಸಿ’ ಎಂದು ಗುರುತಿಸಿದರು. ಹೆಸರಿನಿಂದ ಅಂಟುರೋಗವೆಂದು ತೋರಿದರೂ ಇದು ಅಂಟುರೋಗವಲ್ಲ. ಒಂದೇ ಬಗೆಯ ಎಣ್ಣೆಯನ್ನು ತಿಂದವರಿಗೆಲ್ಲ ಒಟ್ಟಿಗೆ ಬರುವ ವಿಷಬಾಧೆ. ಸಾಸಿವೆ ಎಣ್ಣೆಯಲ್ಲಿ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತಿತ್ತು. ಅದರಲ್ಲಿರುವ ಸ್ಯಾಂಗ್ವಿನರೀನ್ ಎಂಬ ಕ್ಷಾರಾಭವು ಸೂಕ್ಷ್ಮ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತದೆ. ರಕ್ತದ ದ್ರವಾಂಶ ಹೊರಗೆ ಸೋರಿ ಮೈ ಊದಿಕೊಳ್ಳುತ್ತದೆ. ಹೃದಯಕ್ಕೆ ಭಾರ ಬೀಳುತ್ತದೆ. ಆ ಸಲ 60ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಈ ರೋಗ ಹೊಸದಾಗಿರಲಿಲ್ಲ. 1877ರಲ್ಲಿಯೇ ಕಲ್ಕತ್ತೆಯಲ್ಲಿ ಅದು ವರದಿಯಾಗಿತ್ತು. ಕಾರಣ ಆರ್ಜಿಮೋನ್ ಎಣ್ಣೆಯೆಂಬುದು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿಯೇ ತಿಳಿದಿತ್ತು. ಪರೀಕ್ಷೆಯೂ ಕಠಿಣವಲ್ಲ: ಪ್ರಯೋಗಾಲಯದಲ್ಲಿ ಆ ಎಣ್ಣೆಗೆ ಪ್ರಬಲ ನೈಟ್ರಿಕ್ ಆಮ್ಲವನ್ನು ಸೇರಿಸಿ ಕುಲುಕಿದರೆ ಆಮ್ಲದ ಪದರವು ಕೆಂಪು ಛಾಯೆಯ ಕಂದು ಬಣ್ಣಕ್ಕೆ ತಿರುಗುತ್ತದೆ. ಹೀಗೆ ಜ್ಞಾನವಿತ್ತು, ಪರೀಕ್ಷೆಯಿತ್ತು, 1954ರ ಕಾಯಿದೆಯೂ ಇತ್ತು. ಇಲ್ಲದಿದ್ದುದು ಇವೆಲ್ಲವನ್ನೂ ಸಕಾಲದಲ್ಲಿ ಎಣ್ಣೆಯ ಡಬ್ಬದ ಬಳಿಗೆ ಕೊಂಡೊಯ್ಯುವ ವ್ಯವಸ್ಥೆ. ಅನಾಹುತವಾದ ಬಳಿಕ, ಸೆಪ್ಟೆಂಬರ್ ತಿಂಗಳಲ್ಲಿ, ಖಾದ್ಯ ತೈಲಗಳನ್ನು ಪೊಟ್ಟಣ ಕಟ್ಟಿಯೇ ಮಾರಬೇಕೆಂಬ ಆದೇಶ ಹೊರಟಿತು. ಆದರೆ ಅದು ಬಂದುದು ಕಲಬೆರಕೆಯ ಕಾಯಿದೆಯಡಿಯಲ್ಲಿ ಅಲ್ಲ, ಅಗತ್ಯ ವಸ್ತುಗಳ ಕಾಯಿದೆಯಡಿಯಲ್ಲಿ! ಇದ್ದ ಹಲವು ಆದೇಶಗಳ ಸಾಲಿಗೆ ಇನ್ನೊಂದು ಸೇರಿದಂತಾಯಿತು.

ಅದೇ 1998ರಲ್ಲಿ ಪ್ರಧಾನಮಂತ್ರಿಗಳ ವ್ಯಾಪಾರ ಮತ್ತು ಕೈಗಾರಿಕಾ ಪರಿಷತ್ತಿನ ಒಂದು ವಿಷಯ ತಂಡವು, ಆಹಾರಕ್ಕೆ ಒಂದೇ ಸಮಗ್ರ ಕಾಯಿದೆಯೂ ಒಂದೇ ಪ್ರಾಧಿಕಾರವೂ ಇರಬೇಕೆಂದು ಶಿಫಾರಸು ಮಾಡಿತು. 2003ರಲ್ಲಿ ಲಘು ಪಾನೀಯಗಳಲ್ಲಿ ಕೀಟನಾಶಕಗಳ ಅಂಶವಿದೆಯೆಂಬ ವರದಿ ಹೊರಬಿದ್ದು ದೇಶವೆಲ್ಲ ಚರ್ಚೆಯಾದಾಗ, ಸಂಸತ್ತು ಉಭಯ ಸದನಗಳ ಜಂಟಿ ಸಮಿತಿಯೊಂದನ್ನು ನೇಮಿಸಿತು. ಶ್ರೀ ಶರದ್ ಪವಾರರು ಅದರ ಅಧ್ಯಕ್ಷರಾಗಿದ್ದರು. 2004ರಲ್ಲಿ ವರದಿಯನ್ನು ಒಪ್ಪಿಸಿದ ಆ ಸಮಿತಿಯೂ ಆಹಾರದ ಕಾಯಿದೆಗಳನ್ನೆಲ್ಲ ಒಂದುಗೂಡಿಸಬೇಕೆಂದೇ ಒತ್ತಿ ಹೇಳಿತು. ಹೀಗೆ ಸಮಿತಿಯ ಮೇಲೆ ಸಮಿತಿ ಹೇಳಿದ ಮೇಲೆ 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಹುಟ್ಟಿತು. ಅದರಂತೆ 2008ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಸ್ಥಾಪನೆಯಾಯಿತು. ಹೊಸ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದು, ಹಳೆಯ ಕಾಯಿದೆಯೂ ಆದೇಶಗಳೂ ಕೊನೆಗೊಂಡವು.

ತಿಳಿಯುವವರು

ಹೊಸ ಕಾಯಿದೆಯ ವಿಶೇಷವೆಂದರೆ ನಾವು ಆರಂಭದಲ್ಲಿ ಹೇಳಿದ ಮೂರು ಕೆಲಸಗಳನ್ನು ಅದು ಸ್ಪಷ್ಟವಾಗಿ ಬೇರ್ಪಡಿಸಿರುವುದು. ಮೊದಲನೆಯದಾದ ತಿಳಿಯುವ ಕೆಲಸಕ್ಕೆ ವೈಜ್ಞಾನಿಕ ಮಂಡಲಿಗಳಿವೆ. ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಒಂದು, ಕೀಟನಾಶಕ ಮತ್ತು ಪ್ರತಿಜೀವಕಗಳ ಶೇಷಾಂಶಕ್ಕೆ ಒಂದು, ರೋಗಾಣುಗಳಿಂದಾಗುವ ಅಪಾಯಕ್ಕೆ ಒಂದು, ಮಾದರಿ ಸಂಗ್ರಹಿಸುವ ಮತ್ತು ಪರೀಕ್ಷಿಸುವ ವಿಧಾನಗಳಿಗೆ ಒಂದು, ಹೀಗೆ. ಈ ಮಂಡಲಿಗಳ ಅಧ್ಯಕ್ಷರೂ, ಯಾವ ಮಂಡಲಿಗೂ ಸೇರದ ಆರು ಮಂದಿ ಸ್ವತಂತ್ರ ತಜ್ಞರೂ ಕೂಡಿದ ವೈಜ್ಞಾನಿಕ ಸಮಿತಿಯು ಇವೆಲ್ಲವುಗಳ ಅಭಿಪ್ರಾಯಗಳನ್ನು ಹೊಂದಿಸುತ್ತದೆ.

ಮಂಡಲಿಯ ಕೆಲಸ ಎಂಥದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಆಹಾರ ಕೆಡದಂತೆ ಕಾಪಾಡುವ ಯಾವುದೋ ಒಂದು ಪದಾರ್ಥವಿದೆಯೆಂದು ಇಟ್ಟುಕೊಳ್ಳಿ. ಪ್ರಾಣಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಅದನ್ನು ತಿನ್ನಿಸಿ ನೋಡಿದಾಗ, ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 500 ಮಿಲಿಗ್ರಾಂವರೆಗೆ ಯಾವ ಕೇಡೂ ಕಾಣಲಿಲ್ಲವೆನ್ನೋಣ. ಮನುಷ್ಯನು ಪ್ರಾಣಿಗಿಂತ ಹೆಚ್ಚು ಸೂಕ್ಷ್ಮನಾಗಿರಬಹುದೆಂದು ಅದನ್ನು ಹತ್ತರಿಂದ ಭಾಗಿಸುತ್ತಾರೆ. ಮನುಷ್ಯರಲ್ಲಿಯೇ ಕೆಲವರು ಉಳಿದವರಿಗಿಂತ ಸೂಕ್ಷ್ಮರೆಂದು ಮತ್ತೆ ಹತ್ತರಿಂದ ಭಾಗಿಸುತ್ತಾರೆ. ಉಳಿಯುವುದು 5 ಮಿಲಿಗ್ರಾಂ. ಆಯುಷ್ಯವಿಡೀ ದಿನಂಪ್ರತಿ ತಿಂದರೂ ಕೇಡಾಗದೆಂದು ಎಣಿಸುವ ಪ್ರಮಾಣವಿದು. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಗೆ ಇದು ದಿನಕ್ಕೆ 250 ಮಿಲಿಗ್ರಾಂ ಆಗುತ್ತದೆ. 15 ಕಿಲೋಗ್ರಾಂ ತೂಕದ ಮಗುವಿಗೆ ಕೇವಲ 75 ಮಿಲಿಗ್ರಾಂ.

ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಒಂದು ಲೀಟರು ಪಾನಕದಲ್ಲಿ ಈ ಪದಾರ್ಥ 200 ಮಿಲಿಗ್ರಾಂ ಇರಬಹುದೆಂದು ಒಪ್ಪಿಗೆ ಕೊಟ್ಟರೆ, ಅರ್ಧ ಲೀಟರು ಕುಡಿದ ವಿದ್ಯಾರ್ಥಿಗೆ 100 ಮಿಲಿಗ್ರಾಂ ಸೇರುತ್ತದೆ, ಅವನಿಗೆ ಭಯವಿಲ್ಲ. ಅಷ್ಟನ್ನೇ ಕುಡಿದ ಮಗುವಾದರೋ ತನ್ನ ಮಿತಿಯನ್ನು ದಾಟಿಬಿಟ್ಟಿತು. ಅದೇ ಮಗು ಉಪ್ಪಿನಕಾಯಿ, ಜಾಮ್‌ಗಳ ಮೂಲಕವೂ ಇದನ್ನು ತಿನ್ನುತ್ತಿದ್ದರೆ ಆ ಮೊತ್ತವನ್ನೂ ಕೂಡಿಸಬೇಕು. ಆದ್ದರಿಂದ ವಿಷಶಾಸ್ತ್ರ ಬಲ್ಲವರೊಬ್ಬರೇ ಸಾಲದು. ಯಾವ ವಯಸ್ಸಿನವರು ಏನನ್ನು ಎಷ್ಟು ತಿನ್ನುತ್ತಾರೆಂದು ಬಲ್ಲ ಪೋಷಣಾಶಾಸ್ತ್ರಜ್ಞರು, ಅಳೆಯಬಲ್ಲ ರಸಾಯನಶಾಸ್ತ್ರಜ್ಞರು, ತಯಾರಿಕೆಯ ಕ್ರಮವನ್ನು ತಿಳಿದವರು ಎಲ್ಲರೂ ಒಂದೆಡೆ ಕುಳಿತು ಯೋಚಿಸಬೇಕಾಗುತ್ತದೆ. ಸಮಿತಿಯ ಅಗತ್ಯ ಇರುವುದು ಇಲ್ಲಿಯೇ.

ಈ ತಜ್ಞರು ಸ್ವತಂತ್ರರಾಗಿರಬೇಕೆಂದು ಕಾಯಿದೆಯು ಹೇಳುತ್ತದೆ. ಅದು ಅಲಂಕಾರದ ಮಾತಲ್ಲ. ಮೊದಲು ರಚನೆಯಾದ ಮಂಡಲಿಗಳಲ್ಲಿ ಆಹಾರೋದ್ಯಮಗಳಿಗೆ ಸೇರಿದವರೂ ಸ್ಥಾನ ಪಡೆದಿದ್ದರು. ಈ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಮಂಡಲಿಗಳನ್ನು ಕಾಯಿದೆಯಂತೆ ಸ್ವತಂತ್ರ ತಜ್ಞರಿಂದಲೇ ರಚಿಸಬೇಕೆಂದು ನ್ಯಾಯಾಲಯವು 2011ರಲ್ಲಿ ನಿರ್ದೇಶಿಸಿತು. ಉದ್ಯಮದವರಿಗೆ ಜ್ಞಾನವಿಲ್ಲವೆಂದು ಇದರ ಅರ್ಥವಲ್ಲ. ತೂಗುವವನ ಕೈಯೂ ಮಾರುವವನ ಕೈಯೂ ಒಂದೇ ಆದರೆ ತಕ್ಕಡಿ ನೆಟ್ಟಗಿದ್ದರೂ ಕೊಳ್ಳುವವನು ನಂಬಲಾರನು. ಉದ್ಯಮದ ಮಾತಿಗೆ ಬೇರೆ ಸ್ಥಾನವಿದೆ. ಅದನ್ನು ಮುಂದೆ ನೋಡೋಣ.

ನಿರ್ಧರಿಸುವವರು

ಮಂಡಲಿಯು ತಿಳಿಸುವುದು ಅಪಾಯದ ಅಳತೆಯನ್ನು. ಆ ಅಪಾಯವನ್ನು ಏನು ಮಾಡಬೇಕೆಂಬುದು ಎರಡನೆಯ ಪ್ರಶ್ನೆ. ಪದಾರ್ಥವನ್ನು ನಿಷೇಧಿಸಬೇಕೆ, ಮಿತಿಯಿಟ್ಟು ಬಿಡಬೇಕೆ, ಹೊದಿಕೆಯ ಮೇಲೆ ಎಚ್ಚರಿಕೆ ಬರೆಸಿದರೆ ಸಾಕೆ? ಸಣ್ಣ ತಯಾರಕನು ಬದಲಾಗಲು ಎಷ್ಟು ಕಾಲ ಬೇಕು? ಆ ಮಿತಿಯನ್ನು ಅಳೆಯಲು ನಮ್ಮ ಪ್ರಯೋಗಾಲಯಗಳಿಗೆ ಸಾಧ್ಯವೆ? ಇವು ಶುದ್ಧ ವಿಜ್ಞಾನದ ಪ್ರಶ್ನೆಗಳಲ್ಲ. ಇವುಗಳಿಗೆ ಉತ್ತರ ಕೊಡಬೇಕಾದುದು ಪ್ರಾಧಿಕಾರ.

ಅದರಲ್ಲಿ ಒಬ್ಬ ಅಧ್ಯಕ್ಷರೂ 22 ಸದಸ್ಯರೂ ಇರಬೇಕೆಂದು ಕಾಯಿದೆಯು ವಿಧಿಸಿದೆ. ವ್ಯವಸಾಯ, ವಾಣಿಜ್ಯ, ಆರೋಗ್ಯ ಮುಂತಾದ ಏಳು ಸಚಿವ ಶಾಖೆಗಳಿಂದ ಏಳು ಮಂದಿ. ರಾಜ್ಯಗಳ ಪರವಾಗಿ ಸರದಿಯಂತೆ ಐವರು. ಆಹಾರ ವಿಜ್ಞಾನಿಗಳು ಮೂವರು. ಉದ್ಯಮದವರು, ಬಳಕೆದಾರರು, ರೈತರು ಇವರಿಂದ ಇಬ್ಬಿಬ್ಬರು. ಚಿಲ್ಲರೆ ವ್ಯಾಪಾರಿಗಳಿಂದ ಒಬ್ಬರು. ವಿದ್ಯಾರ್ಥಿಗಳು ಕೂಡಿ ನೋಡಿದರೆ ಲೆಕ್ಕ ಸರಿಹೋಗುವುದು. ಇವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಾಗಿರಬೇಕೆಂಬ ನಿಯಮವೂ ಉಂಟು. ಉದ್ಯಮದ ಕಷ್ಟಸುಖಗಳನ್ನು ಹೇಳಿಕೊಳ್ಳಲು ತಕ್ಕ ಸ್ಥಳ ಇದು. ಇಲ್ಲಿ ಅವರ ಎದುರಿಗೇ ರೈತನೂ ಬಳಕೆದಾರನೂ ಕುಳಿತಿರುತ್ತಾರೆ.

ಪ್ರಾಧಿಕಾರದ ತೀರ್ಮಾನ ಒಡನೆಯೇ ಕಾನೂನಾಗುವುದಿಲ್ಲ. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಸಲಹೆಗಳನ್ನು ಕರೆಯಬೇಕು. ಕೇಂದ್ರ ಸರ್ಕಾರದ ಒಪ್ಪಿಗೆ ಪಡೆಯಬೇಕು. ಅನಂತರ ಸಂಸತ್ತಿನ ಮುಂದೆ ಇಡಬೇಕು. ಇದು ವಿಳಂಬದ ದಾರಿಯೆಂದು ಕೆಲವರಿಗೆ ತೋರಬಹುದು. ಆದರೆ ಕೋಟ್ಯಂತರ ಜನರ ಊಟವನ್ನು ಮುಟ್ಟುವ ನಿಯಮವನ್ನು ನಾಲ್ಕು ಜನ ಕೋಣೆಯೊಳಗೆ ಕುಳಿತು ಬರೆಯುವುದು ತರವಲ್ಲ.

ನಡೆಸುವವರು

ನಿಯಮ ದೆಹಲಿಯಲ್ಲಿ ಆಗುತ್ತದೆ. ಊಟ ನಡೆಯುವುದು ಊರಿನಲ್ಲಿ. ನಿಯಮವನ್ನು ನಡೆಸುವ ಭಾರದ ಬಹುಪಾಲು ರಾಜ್ಯಗಳ ಮೇಲಿದೆ. ಪ್ರತಿಯೊಂದು ರಾಜ್ಯದಲ್ಲಿಯೂ ಒಬ್ಬ ಆಹಾರ ಸುರಕ್ಷತಾ ಆಯುಕ್ತರು, ಅವರ ಕೆಳಗೆ ಅಂಕಿತಾಧಿಕಾರಿಗಳು, ಅವರ ಕೆಳಗೆ ಆಹಾರ ಸುರಕ್ಷತಾಧಿಕಾರಿಗಳು. ಈ ಅಧಿಕಾರಿಯು ಅಂಗಡಿಯಿಂದ ಮಾದರಿಯನ್ನು ತೆಗೆದಾಗ ಅದನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾನೆ. ಒಂದು ಪಾಲು ಆಹಾರ ವಿಶ್ಲೇಷಕರಿಗೆ. ಅವರು 14 ದಿನಗಳೊಳಗೆ ವರದಿ ಕೊಡಬೇಕು. ಎರಡು ಪಾಲು ಅಂಕಿತಾಧಿಕಾರಿಯ ವಶದಲ್ಲಿರುತ್ತವೆ. ವ್ಯಾಪಾರಿ ಕೇಳಿಕೊಂಡರೆ ಉಳಿದ ಪಾಲನ್ನು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಬಹುದು. ವರದಿಯ ಬಗ್ಗೆ ವಿವಾದವೆದ್ದರೆ ತೀರ್ಪು ಹೇಳಲು ಉನ್ನತ ಪ್ರಯೋಗಾಲಯಗಳಿವೆ. ನಮ್ಮ ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಅಂಥವುಗಳಲ್ಲಿ ಒಂದು.

ಒಂದು ರಾಜ್ಯ ಬಿಗಿಯಾಗಿ ನಡೆದು ನೆರೆಯ ರಾಜ್ಯ ಸಡಿಲಬಿಟ್ಟರೆ ಕೆಟ್ಟ ಸರಕು ಎಲ್ಲೆ ದಾಟಿ ಬರುತ್ತದೆ. ಇದನ್ನು ತಪ್ಪಿಸಲು ಕೇಂದ್ರ ಸಲಹಾ ಸಮಿತಿಯೆಂಬ ಒಂದು ಸೇತುವೆಯನ್ನು ಕಾಯಿದೆಯು ಕಟ್ಟಿದೆ. ಎಲ್ಲ ರಾಜ್ಯಗಳ ಆಹಾರ ಸುರಕ್ಷತಾ ಆಯುಕ್ತರೂ ಇದರ ಸದಸ್ಯರು. ಉದ್ಯಮ, ವ್ಯವಸಾಯ, ಬಳಕೆದಾರರು, ಸಂಶೋಧನಾಲಯಗಳ ಪ್ರತಿನಿಧಿಗಳೂ ವೈಜ್ಞಾನಿಕ ಸಮಿತಿಯ ಅಧ್ಯಕ್ಷರೂ ಇರುತ್ತಾರೆ. ಪ್ರಾಧಿಕಾರದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯೇ ಅಧ್ಯಕ್ಷತೆ ವಹಿಸುತ್ತಾರೆ. ವರ್ಷಕ್ಕೆ ಮೂರು ಸಲವಾದರೂ ಇದು ಸೇರಲೇಬೇಕು. ಕೆಳಗಿನಿಂದ ಸುದ್ದಿ ಮೇಲಕ್ಕೂ ಮೇಲಿನಿಂದ ತಿಳಿವು ಕೆಳಕ್ಕೂ ಹರಿಯುವ ಕಾಲುವೆ ಇದೇ. ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿಯೂ ಇಂಥ ಸಲಹಾ ಸಮಿತಿಗಳಿರಬೇಕೆಂದು ಪ್ರಾಧಿಕಾರವು ರಾಜ್ಯಗಳಿಗೆ ತಿಳಿಸಿದೆ.

ಕಾವಲು ಕೆಲಸ ಮಾಡಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ್ದೇ ಒಂದು ನಿದರ್ಶನವಿದೆ. ಬಟ್ಟೆಗೆ ಹಾಕುವ ರೋಡಮೀನ್-ಬಿ ಎಂಬ ಬಣ್ಣಕ್ಕೆ ಆಹಾರದಲ್ಲಿ ಎಂದೂ ಅನುಮತಿ ಇರಲಿಲ್ಲ. ಆದರೂ 2024ರಲ್ಲಿ ರಾಜ್ಯದ ಅಧಿಕಾರಿಗಳು ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತವಾದ ಕೃತಕ ಬಣ್ಣಗಳು ಕಂಡವು. ಬೊಂಬಾಯಿ ಮಿಠಾಯಿಯ 25 ಮಾದರಿಗಳ ಪೈಕಿ 15ರಲ್ಲಿಯೂ ಹಾಗೆಯೇ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಇವುಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ಸರ್ಕಾರವು ನಿಷೇಧಿಸಿತು. ನಿಯಮ ಪುಸ್ತಕದಲ್ಲಿರುವುದು ಬೇರೆ, ಬಾಣಲೆಯಲ್ಲಿರುವುದು ಬೇರೆ ಎಂಬುದನ್ನು ಈ ಅಂಕಿಗಳು ಸ್ಪಷ್ಟವಾಗಿ ತೋರಿಸುತ್ತವೆ.

ಎಲ್ಲೆಯಾಚೆಯ ಸಮಿತಿಗಳು

ಆಹಾರವು ದೇಶದಿಂದ ದೇಶಕ್ಕೆ ಸಾಗುವುದರಿಂದ ಸಮಿತಿಗಳೂ ದೇಶದ ಎಲ್ಲೆಯಲ್ಲಿ ನಿಲ್ಲಲಾರವು. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ವ್ಯವಸಾಯ ಸಂಸ್ಥೆ ಇವೆರಡೂ ಕೂಡಿ ನಡೆಸುವ ತಜ್ಞರ ಸಮಿತಿಯೊಂದು 1956ರಿಂದ ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಪರಿಶೀಲಿಸುತ್ತಿದೆ. ಅದು ತಿಳಿಸಿದುದನ್ನು ಆಧರಿಸಿ ಮಾನಕಗಳನ್ನು ನಿರ್ಧರಿಸುವುದು 1963ರಲ್ಲಿ ಮೊದಲ ಬಾರಿಗೆ ಸಭೆ ಸೇರಿದ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ. ಈ ಲ್ಯಾಟಿನ್ ಹೆಸರಿಗೆ ‘ಆಹಾರ ಸಂಹಿತೆ’ ಎಂದರ್ಥ. ಇಲ್ಲಿಯೂ ತಿಳಿಯುವವರು ಬೇರೆ, ನಿರ್ಧರಿಸುವವರು ಬೇರೆ ಎಂಬುದನ್ನು ಗಮನಿಸಿರಿ. ಈ ಆಯೋಗದ ಸಾಂಬಾರ ಪದಾರ್ಥಗಳ ಸಮಿತಿಗೆ ಭಾರತವೇ ಆತಿಥೇಯ. ಅದರ ಮೊದಲ ಅಧಿವೇಶನ 2014ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಅದು ಸಿದ್ಧಪಡಿಸಿದ ಕರಿಮೆಣಸಿನ ಮಾನಕವು 2017ರಲ್ಲಿ ಅಂಗೀಕಾರವಾಯಿತು. ಕೊಡಗು ಮಲೆನಾಡುಗಳ ಬೆಳೆಗಾರನಿಗೆ ಇದರ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಎಲ್ಲಿಯೋ ಒಂದು ಸಮಿತಿ ತಿಳಿದ ಮಾತ್ರಕ್ಕೆ ತಿಳಿವು ತಾನಾಗಿ ಹರಿದು ಬರುವುದಿಲ್ಲ. ಬ್ರೆಡ್ಡಿನ ಹಿಟ್ಟು ಚೆನ್ನಾಗಿ ಉಬ್ಬಲೆಂದು ಸೇರಿಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟಿನ ಕಥೆ ಇದಕ್ಕೆ ಸಾಕ್ಷಿ. ಅದು ಅನುವಂಶೀಯ ವಸ್ತುವಿಗೆ ಹಾನಿ ಮಾಡಿ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದೂ, ಹಿಟ್ಟಿಗೆ ಸೇರಿಸತಕ್ಕದ್ದಲ್ಲವೆಂದೂ ಮೇಲೆ ಹೇಳಿದ ತಜ್ಞರ ಸಮಿತಿಯು 1992ರಲ್ಲಿಯೇ ತಿಳಿಸಿತ್ತು. ಭಾರತದಲ್ಲಿ ಅದರ ನಿಷೇಧವಾದುದು 2016ರ ಜೂನ್ ತಿಂಗಳಲ್ಲಿ. ಅದೂ ದೆಹಲಿಯ ಬ್ರೆಡ್ಡುಗಳಲ್ಲಿ ಅದರ ಶೇಷವನ್ನು ಕಂಡ ಸ್ವತಂತ್ರ ಸಂಸ್ಥೆಯೊಂದರ ವರದಿ ಹೊರಬಿದ್ದ ಬಳಿಕ. ತಿಳಿಯುವುದಕ್ಕೂ ನಿರ್ಧರಿಸುವುದಕ್ಕೂ ನಡುವೆ 24 ವರ್ಷಗಳು ಕಳೆದುಹೋದವು. ಆ ವರ್ಷಗಳಲ್ಲಿ ಶಾಲೆಗೆ ಹೋದ ಒಂದು ತಲೆಮಾರು ಬೆಳೆದು ದೊಡ್ಡದಾಗಿತ್ತು.

ನಾವು ತಿಳಿಯಬೇಕಾದುದು

ಸಮಿತಿಯೆಂದರೆ ಕೆಲಸವನ್ನು ಮುಂದಕ್ಕೆ ಹಾಕುವ ಉಪಾಯವೆಂದು ಹಾಸ್ಯ ಮಾಡುವುದುಂಟು. ಆ ಹಾಸ್ಯದಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಮೇಲಿನ ಕಥೆಗಳನ್ನು ನೋಡಿದರೆ ದೋಷವು ಸಮಿತಿಗಳಿದ್ದುದರಿಂದ ಬಂದದ್ದಲ್ಲವೆಂದು ತಿಳಿಯುತ್ತದೆ. ಆರ್ಜಿಮೋನಿನ ವಿಷಯದಲ್ಲಿ ತಿಳಿವು ನಡೆಸುವವರ ಕೈಗೆ ಸಕಾಲದಲ್ಲಿ ಮುಟ್ಟಲಿಲ್ಲ. ಮೊದಲ ಮಂಡಲಿಗಳಲ್ಲಿ ತಿಳಿಯುವವರಿಗೂ ಮಾರುವವರಿಗೂ ಅಂತರವಿರಲಿಲ್ಲ. ಬ್ರೋಮೇಟಿನ ವಿಷಯದಲ್ಲಿ ತಿಳಿದುದನ್ನು ನಿರ್ಧಾರಕ್ಕೆ ತರಲು ತಡವಾಯಿತು. ಬೇರೆಯಾಗಿರಬೇಕಾದುವು ಬೆರೆತಾಗ ಒಂದು ಬಗೆಯ ಕೇಡು. ಕೂಡಿರಬೇಕಾದುವು ಅಗಲಿದಾಗ ಇನ್ನೊಂದು ಬಗೆಯ ಕೇಡು.

ಆದುದರಿಂದ ಯಾವುದೇ ಆಹಾರ ಸಮಿತಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬಹುದು. ಇದರಲ್ಲಿರುವ ತಜ್ಞರು ಯಾರಿಗೂ ಅಧೀನರಲ್ಲದವರೆ? ಇವರು ಹೇಳಿದುದನ್ನು ನಿರ್ಧಾರವಾಗಿ ಮಾಡುವವರು ಯಾರು, ಎಷ್ಟು ಕಾಲದೊಳಗೆ? ಆ ನಿರ್ಧಾರವನ್ನು ನಮ್ಮ ಊರಿನ ಅಂಗಡಿಯವರೆಗೆ ಮುಟ್ಟಿಸುವವರು ಯಾರು? ಪ್ರಾಧಿಕಾರದ ಕರಡು ನಿಯಮಗಳಿಗೆ ಯಾವ ಪ್ರಜೆಯಾದರೂ ತನ್ನ ಅಭಿಪ್ರಾಯವನ್ನು ಬರೆದು ಕಳುಹಿಸಬಹುದು. ರಸಾಯನಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಓದುತ್ತಿರುವ ತರುಣರು ಈ ಹಕ್ಕನ್ನು ಬಳಸಿದರೆ ಅವರ ವಿದ್ಯೆಗೂ ಸಾರ್ಥಕ್ಯ. ಊಟವನ್ನು ಬಲ್ಲವನಾಗಬೇಕೆಂಬ ಗಾದೆಯ ಮಾತು ಇಂದಿಗೂ ಸಲ್ಲುತ್ತದೆ. ಕಾಲ ಬದಲಾಗಿರುವುದರಿಂದ, ಊಟದ ಜೊತೆಗೆ ಅದರ ಕಾವಲುಗಾರರನ್ನೂ ಬಲ್ಲವರಾಗುವುದು ಅಗತ್ಯವಾಗಿದೆ.